ಹೊಡೆದಾಟ ನಿಲ್ಲಿಸುವವನಿಗೆ ಕವರ್ ಕೊಡುವವರು ಯಾರು?

ಕೊಡಗಿನ ಗೋಣಿಕೊಪ್ಪದ ಕೆಲವು ಹುಡುಗರು ಸೇರಿ ‘ಫೈಟ್ ನೈಟ್’ ಮಾಡಬೇಕು ಅಂತ ಹೊರಟಿದ್ದಾರೆ. ಟಿಕೆಟ್ ಇಟ್ಟು, ಗೆದ್ದವನಿಗೆ ಕೊಡಲು ಬೆಲ್ಟ್ ಮಾಡಿಸಿ, ಬಣ್ಣಬಣ್ಣದ ಲೈಟು ಹಾಕಿಸಿ ದುಡ್ಡಿಗೆ ಬಾಕ್ಸಿಂಗ್ ಆಡಿಸುವ ಯೋಚನೆ. ಅದಕ್ಕೆ ಮೊದಲು ಊರಿನವರ ಜೊತೆ ಒಂದು ಮಾತುಕತೆ ಇರಲಿ ಅಂತ ನನ್ನನ್ನು ಕರೆದರು. ಅಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಡುವೆ ಎರಡು ಸಲ ಕರೆಂಟು ಹೋಗಿ ಮೈಕ್ ಕೈಕೊಟ್ಟಿತ್ತು. ಹಿಂದೆ ಕೂತವರಿಗೆ ಕೇಳಿಸದೆ ಹೋದದ್ದೂ ಇದರಲ್ಲಿದೆ.

ಎಲ್ಲರಿಗೂ ನಮಸ್ಕಾರ. ನಾನು ಭಾಷಣದವನಲ್ಲ. ಸೇನೆಯಲ್ಲಿದ್ದಾಗ ಒಂಬತ್ತು ವರ್ಷ ಬಾಕ್ಸಿಂಗ್ ಆಡಿದೆ. ಎರಡನೇ ಸಲ ಮೂಗು ಮುರಿದ ಮೇಲೆ ಆಡುವುದು ಬಿಟ್ಟು ಜಡ್ಜ್ ಆದೆ, ಆಮೇಲೆ ರೆಫ್ರಿ ಆದೆ. ಈಗ ಮೂರು ಎಕರೆ ಕಾಫಿ, ಒಂದಿಷ್ಟು ಮೆಣಸಿನ ಬಳ್ಳಿ, ಜೊತೆಗೆ ಮಂಡಿನೋವು. ಪರಿಚಯ ಇಷ್ಟೇ.

ಮಂಡಿ ಅಂದಾಗ ನೆನಪಾಯಿತು. ಪುತ್ತರಿ ಹಬ್ಬದ ಹೊತ್ತಿಗೆ ಊರಿನ ಮೈದಾನವಾದ ಮಂದ್‌ನಲ್ಲಿ ಪರಿಯ ಕಳಿ ಆಟ ನೋಡಿದ್ದೀರಿ ಅಲ್ವಾ? ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಗುರಾಣಿ. ಹೊಡೆಯುವುದು ಮಂಡಿಯ ಕೆಳಗೆ ಮಾತ್ರ. ಬೆತ್ತದ ಏಟು ಬಿದ್ದರೆ ಚುರ್ ಅನ್ನುತ್ತದೆ, ಬಾಸುಂಡೆ ಬರುತ್ತದೆ, ಆದರೆ ಯಾರೂ ಸಾಯುವುದಿಲ್ಲ. ಹಿರಿಯರು ಪಕ್ಕದಲ್ಲೇ ನಿಂತಿರುತ್ತಾರೆ. ಅತಿಯಾಯಿತು ಅನ್ನಿಸಿದರೆ ನಡುವೆ ಬರುತ್ತಾರೆ, ಅಲ್ಲಿಗೆ ಆಟ ಮುಗಿಯಿತು. ನಾನು ಹೇಳಬೇಕಾದ ಮಾತು ಆ ಹಿರಿಯರ ಬಗ್ಗೆ. ಆಟ ಮುಂದುವರಿದರೆ ಅವರಿಗೆ ಲಾಭ ಇಲ್ಲ, ನಿಂತರೆ ನಷ್ಟ ಇಲ್ಲ. ಟಿಕೆಟ್ ಮಾರಿದವರು ಅವರಲ್ಲ. ಅದಕ್ಕೇ ಅವರು ನಡುವೆ ಬಂದರೆ ಯಾರೂ ಎದುರು ಮಾತಾಡುವುದಿಲ್ಲ. ದುಡ್ಡಿನ ಬಾಕ್ಸಿಂಗ್‌ನಲ್ಲಿ ಇಂಥ ಒಬ್ಬ ಹಿರಿಯ ಯಾರು, ಅವನಿಗೆ ಸಂಬಳ ಕೊಡುವವರು ಯಾರು? ಇದೊಂದು ಗೊತ್ತಾದರೆ ಮುಕ್ಕಾಲು ಪಾಲು ವಿಷಯ ಗೊತ್ತಾದ ಹಾಗೆ.

ನಮ್ಮದು ಹಾಕಿ ಜಿಲ್ಲೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕುಟುಂಬಗಳ ಹಾಕಿ ಶುರು ಮಾಡಿದ ಮೇಲಂತೂ ಬೇಸಿಗೆ ಬಂತು ಅಂದ್ರೆ ಅಜ್ಜಿಯಿಂದ ಮೊಮ್ಮಗನವರೆಗೆ ಕೈಯಲ್ಲಿ ಸ್ಟಿಕ್. ಹಾಗಂತ ಬಾಕ್ಸಿಂಗ್‌ನಲ್ಲಿ ನಮ್ಮವರು ಇಲ್ಲ ಅಂತಲ್ಲ. ಸಿ.ಸಿ. ಮಾಚಯ್ಯ ಅವರು ಅರ್ಜುನ ಪ್ರಶಸ್ತಿ ಪಡೆದ ಬಾಕ್ಸರ್. ಆದರೆ ಅವರ ಕಾಲದ್ದೂ ನನ್ನ ಕಾಲದ್ದೂ ಅಮೆಚೂರ್ ಬಾಕ್ಸಿಂಗ್, ಅಂದರೆ ಪಂದ್ಯಕ್ಕೆ ಇಷ್ಟು ದುಡ್ಡು ಅಂತ ಇಲ್ಲದ್ದು. ಗೆದ್ದರೂ ಸೋತರೂ ತಿಂಗಳಿಗೆ ಸಂಬಳ ಬರುತ್ತಿತ್ತು. ಈಗ ಒಲಿಂಪಿಕ್ಸ್‌ನಲ್ಲಿ ಮೂರು ನಿಮಿಷದ ಮೂರು ರೌಂಡ್, ಅಷ್ಟೇ. ವೃತ್ತಿಪರ ಬಾಕ್ಸಿಂಗ್ ಬೇರೆಯೇ ಲೋಕ. ಅಲ್ಲಿ ನಾಲ್ಕು ರೌಂಡ್‌ನಿಂದ ಶುರುವಾಗಿ ಹನ್ನೆರಡು ರೌಂಡ್‌ವರೆಗೆ ಹೋಗುತ್ತದೆ. ಒಂದೊಂದು ಪಂದ್ಯವೂ ಒಂದೊಂದು ವ್ಯಾಪಾರ.

ನಮ್ಮ ದೇಶದಲ್ಲಿ ಜನ ಇದರ ಕಡೆ ತಿರುಗಿ ನೋಡಿದ್ದು ವಿಜೇಂದರ್ ಸಿಂಗ್‌ನಿಂದ. 2008ರಲ್ಲಿ ಬೀಜಿಂಗ್‌ನಲ್ಲಿ ಕಂಚು ಗೆದ್ದವನು 2015ರಲ್ಲಿ ಮ್ಯಾಂಚೆಸ್ಟರ್‌ಗೆ ಹೋಗಿ ವೃತ್ತಿಪರ ಬಾಕ್ಸರ್ ಆದ. ಮುಂದಿನ ವರ್ಷ ಜುಲೈನಲ್ಲಿ ದೆಹಲಿಯ ತ್ಯಾಗರಾಜ್ ಕ್ರೀಡಾಂಗಣದಲ್ಲಿ ಡಬ್ಲ್ಯುಬಿಒ ಅನ್ನುವ ಸಂಸ್ಥೆಯ ಏಷ್ಯಾ ಪೆಸಿಫಿಕ್ ಬೆಲ್ಟ್ ಗೆದ್ದ. ಟಿವಿಯಲ್ಲಿ ನೋಡಿದ ಹುಡುಗರಿಗೆಲ್ಲ ಕಂಡದ್ದು ಆ ಬೆಲ್ಟು. ಬೆಲ್ಟಿನ ಹಿಂದಿನ ಲೆಕ್ಕ ಕಾಣಲಿಲ್ಲ.

ಆ ಲೆಕ್ಕ ಸುಮ್ನೆ ಒಂದು ಉದಾಹರಣೆಗೆ ಹಾಕೋಣ. ಒಬ್ಬ ಹುಡುಗನಿಗೆ ಒಂದು ಪಂದ್ಯಕ್ಕೆ ಒಂದು ಲಕ್ಷ ಅಂತ ಇಟ್ಟುಕೊಳ್ಳಿ. ಇದಕ್ಕೆ ಪರ್ಸ್ ಅನ್ನುತ್ತಾರೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಮ್ಯಾನೇಜರ್ ಮೂರನೇ ಒಂದು ಭಾಗದವರೆಗೆ ತೆಗೆದುಕೊಳ್ಳಬಹುದು. ಹೋಯಿತು 33,000. ಕೋಚ್‌ಗೆ ರೂಢಿಯ ಪ್ರಕಾರ ನೂರಕ್ಕೆ ಹತ್ತು. ಬೆಲ್ಟಿನ ಪಂದ್ಯವಾದರೆ ಬೆಲ್ಟ್ ಕೊಡುವ ಸಂಸ್ಥೆಗೆ ಸುಮಾರು ನೂರಕ್ಕೆ ಮೂರು. ಆಮೇಲೆ ರಕ್ತಪರೀಕ್ಷೆ, ಸ್ಕ್ಯಾನ್, ಓಡಾಟ, ತಯಾರಿಯ ಆರೇಳು ವಾರ ಮೊಟ್ಟೆ ಮಾಂಸ. ತೆರಿಗೆ ಬೇರೆ. ಕೈಗೆ ಅರ್ಧ ಬಂದರೆ ಪುಣ್ಯ. ಇಂಗ್ಲೆಂಡಿನ ಸಣ್ಣ ಹಾಲ್‌ಗಳಲ್ಲಿ ಇನ್ನೂ ತಮಾಷೆ. ಅಲ್ಲಿ ಊರಿನ ಬಾಕ್ಸರ್ ತನ್ನ ಟಿಕೆಟ್ ತಾನೇ ಮಾರಬೇಕು. ನೆಂಟರು, ಸ್ನೇಹಿತರು, ಆಫೀಸಿನವರು ಎಲ್ಲರ ಕೈಗೂ ಟಿಕೆಟ್ ತುರುಕಬೇಕು. ಎದುರಾಳಿಗೆ ಕೊಡುವ ದುಡ್ಡೂ ಅದರಿಂದಲೇ ಹುಟ್ಟಬೇಕು. ಹೊಡೆಸಿಕೊಳ್ಳುವವನೇ ಟಿಕೆಟ್ ಹರಿಯುವವನು!

ಬೆಲ್ಟ್ ಕೊಡುವ ಸಂಸ್ಥೆ ಒಂದಲ್ಲ. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಅಂತ ನಾಲ್ಕು ದೊಡ್ಡವು. ಇವುಗಳ ಆದಾಯಕ್ಕೆ ದಾರಿ ಬೆಲ್ಟಿನ ಪಂದ್ಯಗಳ ಫೀಸು. ಅಂದ ಮೇಲೆ ಬೆಲ್ಟು ಹೆಚ್ಚಾಗದೆ ಇರುತ್ತದೆಯೇ? ಒಂದೇ ತೂಕದಲ್ಲಿ ನಾಲ್ವರು ‘ವಿಶ್ವ ಚಾಂಪಿಯನ್’. ದೇವರೇ ಕಾಪಾಡಬೇಕು.

ಇದು ಕಾಫಿ ಬೆಳೆಗಾರರಿಗೆ ಹೊಸದಲ್ಲ. ಚೆರಿ ಕಾಫಿ ಮಾರಲು ಹೋದಾಗ ಔಟ್‌ಟರ್ನ್ (ಸಿಪ್ಪೆ ತೆಗೆದರೆ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ) ನೋಡುವವರು ಯಾರು? ಕೊಳ್ಳುವವನೇ. ಅವನದ್ದೇ ತಕ್ಕಡಿ, ಅವನದ್ದೇ ಮಾಯಿಶ್ಚರ್ ಮೀಟರ್. ಅವನು ಒಳ್ಳೆಯವನೇ ಇರಬಹುದು, ನಾನು ಬೈಯುತ್ತಿಲ್ಲ. ಆದರೆ ಅಂಕಿ ಒಂದು ಇಳಿದರೆ ದುಡ್ಡು ಉಳಿಯುವುದು ಅವನಿಗೇ ಅಲ್ವಾ? ಬಾಕ್ಸಿಂಗ್‌ನಲ್ಲಿ ಔಟ್‌ಟರ್ನ್ ನೋಡುವುದು ಮನುಷ್ಯನ ತಲೆಯದ್ದು.

ಮೊಹಮ್ಮದ್ ಅಲಿಯ ಕತೆ ಹೇಳುತ್ತೇನೆ. 1980, ಅಲಿಗೆ 38 ವರ್ಷ. ಆಡುವುದು ಬಿಟ್ಟಿದ್ದವನು ಆಗಿನ ಚಾಂಪಿಯನ್ ಲ್ಯಾರಿ ಹೋಮ್ಸ್ ಮೇಲೆ ಮತ್ತೆ ಆಡಲು ಬಂದ. ಮಾತು ತೊದಲುತ್ತದೆ ಅಂತ ಆಗಲೇ ಜನ ಹೇಳುತ್ತಿದ್ದರು. ಬಾಕ್ಸರ್‌ಗೆ ಲೈಸೆನ್ಸ್ ಕೊಡುವ ನೆವಾಡಾ ರಾಜ್ಯದ ಕಮಿಷನ್ ಪರೀಕ್ಷೆ ಕೇಳಿತು. ಮೇಯೊ ಕ್ಲಿನಿಕ್‌ನಲ್ಲಿ ನೋಡಿದರು. ಬೆರಳಿನಿಂದ ಮೂಗಿನ ತುದಿ ಮುಟ್ಟುವುದರಲ್ಲಿ, ಒಂಟಿ ಕಾಲಿನಲ್ಲಿ ಕುಪ್ಪಳಿಸುವುದರಲ್ಲಿ ಸ್ವಲ್ಪ ಎಡವಟ್ಟು ಇದೆ ಅಂತ ವರದಿ ಬಂತು. ಆದರೂ ಲೈಸೆನ್ಸ್ ಸಿಕ್ಕಿತು. ಯಾಕೆ ಅಂದರೆ ಆ ಪಂದ್ಯಕ್ಕೆ ಲಾಸ್ ವೇಗಸ್ ಪೂರ್ತಿ ಕಾದು ಕೂತಿತ್ತು. ಹೋಟೆಲು, ಜೂಜು, ಟಿವಿ ಎಲ್ಲವೂ. ಅಕ್ಟೋಬರ್ 2ಕ್ಕೆ ಆಡಿದ. ಆಡಿದ ಅನ್ನುವುದೂ ತಪ್ಪು, ಹತ್ತು ರೌಂಡ್ ನಿಂತು ಹೊಡೆಸಿಕೊಂಡ. ಕೊನೆಗೆ ಅವನ ಕೋಚ್ ಏಂಜೆಲೊ ಡಂಡಿ ನಿಲ್ಲಿಸಿದ. ದುಡ್ಡಿನ ವಿಷಯಕ್ಕೆ ಬಂದರೆ, 80 ಲಕ್ಷ ಡಾಲರ್ ಅಂತ ಮಾತಾಗಿತ್ತು. ಪ್ರಮೋಟರ್ ಡಾನ್ ಕಿಂಗ್ ಕೊಟ್ಟದ್ದರಲ್ಲಿ ಹತ್ತು ಲಕ್ಷ ಡಾಲರ್‌ಗಿಂತ ಹೆಚ್ಚೇ ಖೋತಾ ಆಗಿತ್ತು. ಅಲಿ ಕೋರ್ಟಿಗೆ ಹೋದ. ಆಮೇಲೆ 50,000 ಡಾಲರ್ ನಗದು ತೆಗೆದುಕೊಂಡು ಕೇಸು ಕೈಬಿಟ್ಟ. ಲೋಕದಲ್ಲೇ ದೊಡ್ಡ ಹೆಸರಿನ ಬಾಕ್ಸರ್‌ಗೇ ಹೀಗಾದರೆ ನಾಲ್ಕು ರೌಂಡಿನ ಹುಡುಗನ ಪಾಡೇನು?

ಅಲಿಯ ಹೆಸರಿನಲ್ಲೇ 2000ದಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಪ್ರಮೋಟರ್ ಅಂದರೆ ಪಂದ್ಯ ಮಾರುವವನು. ಮ್ಯಾನೇಜರ್ ಅಂದರೆ ಬಾಕ್ಸರ್ ಪರವಾಗಿ ಚೌಕಾಸಿ ಮಾಡುವವನು. ಇಬ್ಬರೂ ಒಬ್ಬನೇ ಆಗಬಾರದು, ಒಬ್ಬರ ವ್ಯವಹಾರದಲ್ಲಿ ಇನ್ನೊಬ್ಬರ ಪಾಲು ಇರಬಾರದು ಅಂತ ಹೇಳಿತು. ಪ್ರಮೋಟರ್ ತನಗೆ ಎಷ್ಟು ಬರುತ್ತದೆ ಅಂತ ತಿಳಿಸಬೇಕು ಅಂತಲೂ ಇದೆ. ಆದರೆ ಮ್ಯಾನೇಜರ್ ವಿಷಯದ ಆ ಕಟ್ಟು, ಹತ್ತು ರೌಂಡಿಗಿಂತ ಕಡಿಮೆ ಆಡುವವರಿಗೆ ಇಲ್ಲ. ಸಣ್ಣವರನ್ನು ಅಲ್ಲೂ ಹೊರಗೇ ಬಿಟ್ಟರು.

ಅದಕ್ಕೂ ಮೊದಲು 1996ರಲ್ಲಿ ಇನ್ನೊಂದು ಕಾನೂನು ಬಂದಿತ್ತು. ನನಗೆ ಅದು ಹೆಚ್ಚು ಇಷ್ಟ. ರಿಂಗ್ ಪಕ್ಕ ಡಾಕ್ಟರ್ ಇರಬೇಕು, ಆಂಬುಲೆನ್ಸ್ ಅಥವಾ ಉಸಿರು ಕೊಡುವ ಸಲಕರಣೆ ಸಮೇತ ಸಿಬ್ಬಂದಿ ಸ್ಥಳದಲ್ಲೇ ಇರಬೇಕು, ಪ್ರತಿ ಬಾಕ್ಸರ್‌ಗೂ ವಿಮೆ ಇರಬೇಕು. ಜೊತೆಗೆ ಬಾಕ್ಸರ್‌ಗೆ ಒಂದು ಗುರುತಿನ ಚೀಟಿ. ಮೊದಲೆಲ್ಲ ಒಂದು ರಾಜ್ಯದಲ್ಲಿ ನಾಕೌಟ್ ಆಗಿ ತಡೆ ಬಿದ್ದವನು ಪಕ್ಕದ ರಾಜ್ಯಕ್ಕೆ ಹೋಗಿ ಬೇರೆ ಹೆಸರಿನಲ್ಲಿ ಆಡುತ್ತಿದ್ದ. ಹೊಟ್ಟೆಪಾಡು. ಒಂದು ಕಡೆ ಹಾಕಿದ ವೈದ್ಯಕೀಯ ತಡೆ ಎಲ್ಲ ಕಡೆಯೂ ನಡೆಯಬೇಕು ಅಂತ ಆ ಕಾನೂನು ಮಾಡಿತು.

ಇಲ್ಲಿ ಯಾರೋ ಹುಡುಗ ಕೇಳಿದ, ಗ್ಲೌಸ್ ಇದೆಯಲ್ಲ ಅಂಕಲ್ ಅಂತ. ಒಳ್ಳೆಯ ಪ್ರಶ್ನೆ. ಗ್ಲೌಸ್ ಕಡ್ಡಾಯ ಆದದ್ದು 1867ರ ಕ್ವೀನ್ಸ್‌ಬೆರಿ ನಿಯಮಗಳಿಂದ. ಮೂರು ನಿಮಿಷದ ರೌಂಡ್, ಒಂದು ನಿಮಿಷದ ಬಿಡುವು, ಹತ್ತು ಎಣಿಸುವುದು ಎಲ್ಲ ಅಲ್ಲಿಂದಲೇ ಬಂದದ್ದು. ಆದರೆ ಗ್ಲೌಸ್ ಉಳಿಸುವುದು ಹೊಡೆಯುವವನ ಬೆರಳನ್ನು. ಬರಿಗೈಯಲ್ಲಿ ತಲೆಬುರುಡೆಗೆ ಹೊಡೆದರೆ ನಿಮ್ಮ ಗೆಣ್ಣೇ ಮುರಿಯುತ್ತದೆ, ಹಾಗಾಗಿ ನೀವು ಜಾಸ್ತಿ ಹೊಡೆಯುವುದಿಲ್ಲ. ಗ್ಲೌಸ್ ಹಾಕಿದರೆ ರಾತ್ರಿಯಿಡೀ ಹೊಡೆಯಬಹುದು. ಚರ್ಮ ಹರಿಯುವುದು ಕಡಿಮೆ ಆಯಿತು, ಒಳಗಿನ ಪೆಟ್ಟು ಕಡಿಮೆ ಆಗಲಿಲ್ಲ.

ಆ ಗ್ಲೌಸನ್ನೂ ನಂಬುವ ಹಾಗಿಲ್ಲ. 1983ರ ಜೂನ್, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಬಿಲ್ಲಿ ಕಾಲಿನ್ಸ್ ಅಂತ ಒಂದೂ ಪಂದ್ಯ ಸೋಲದ ಹುಡುಗ, ಎದುರಿಗೆ ಲೂಯಿಸ್ ರೆಸ್ಟೊ. ಹತ್ತು ರೌಂಡ್ ಮುಗಿದಾಗ ಕಾಲಿನ್ಸ್‌ನ ಎರಡೂ ಕಣ್ಣು ಊದಿ ಮುಚ್ಚಿಹೋಗಿತ್ತು. ಅವನ ಅಪ್ಪನೇ ಅವನ ಕೋಚ್. ಪದ್ಧತಿಯಂತೆ ರೆಸ್ಟೊಗೆ ಶಾಬಾಸ್ ಹೇಳಲು ಹೋಗಿ ಕೈ ಹಿಡಿದರು. ಹಿಡಿದವರು ಬಿಡಲಿಲ್ಲ. ಗ್ಲೌಸಿನ ಒಳಗೆ ಏನೂ ತುಂಬಿಲ್ಲ ಅನ್ನುವಷ್ಟು ತೆಳ್ಳಗೆ, ಒಳಗಿನ ಗೆಣ್ಣು ಕೈಗೆ ಸಿಗುತ್ತಿದೆ. ಅಲ್ಲೇ ಕೂಗಿ ಅಧಿಕಾರಿಗಳನ್ನು ಕರೆದರು. ರೆಸ್ಟೊನ ಕೋಚ್ ಪನಾಮಾ ಲೂಯಿಸ್ ಗ್ಲೌಸಿನ ಒಳಗಿಂದ ತುಂಬುವಸ್ತು ಕಿತ್ತಿದ್ದ. ಇಬ್ಬರೂ ಜೈಲಿಗೆ ಹೋದರು. ಕಾಲಿನ್ಸ್‌ಗೆ ಕಣ್ಣು ಮತ್ತೆ ಸರಿಯಾಗಲಿಲ್ಲ, ಬಾಕ್ಸಿಂಗ್ ಮುಗಿಯಿತು. ಮರುವರ್ಷ ಕಾರು ಅಪಘಾತದಲ್ಲಿ ತೀರಿಕೊಂಡ. ಅಪ್ಪ ಕೈ ಕುಲುಕದೆ ಹೋಗಿದ್ದರೆ ಅದು ಸುಮ್ನೆ ಒಂದು ಸೋಲು ಅಂತ ದಾಖಲೆಯಲ್ಲಿ ಕೂರುತ್ತಿತ್ತು. ಇಂಥ ಮೋಸ ಆಗಬಾರದು ಅಂತಲೇ, ಕೈಗೆ ಬಟ್ಟೆ ಸುತ್ತುವಾಗ ಎದುರು ಪಾರ್ಟಿಯವನೊಬ್ಬ, ಇನ್‌ಸ್ಪೆಕ್ಟರ್ ಒಬ್ಬ ಎದುರಿಗೆ ನಿಂತು ನೋಡಿ, ಸುತ್ತಿದ ಮೇಲೆ ಟೇಪಿನ ಮೇಲೆ ಪೆನ್ನಿನಲ್ಲಿ ಸಹಿ ಹಾಕುತ್ತಾರೆ. ಅತಿ ಅನ್ನಿಸಬಹುದು. ಅತಿ ಅಲ್ಲ.

ಈಗ ತಲೆಯ ವಿಷಯ. ಮಿದುಳು ಬುರುಡೆಗೆ ಅಂಟಿಕೊಂಡಿಲ್ಲ. ಡಬ್ಬಿಯೊಳಗಿನ ಗಟ್ಟಿ ಮೊಸರಿನ ಹಾಗೆ ಕೂತಿದೆ. ತಲೆ ಗಕ್ಕನೆ ತಿರುಗಿದಾಗ ಡಬ್ಬಿ ಮೊದಲು ತಿರುಗುತ್ತದೆ, ಮೊಸರು ಹಿಂದೆ ಉಳಿಯುತ್ತದೆ. ನಡುವೆ ಇರುವ ಸಣ್ಣ ರಕ್ತನಾಳ ಎಳೆದು ಹರಿಯುತ್ತದೆ. ಹರಿದಲ್ಲಿಂದ ರಕ್ತ ಒಸರಿ ಒಸರಿ ತುಂಬುತ್ತದೆ. ಬುರುಡೆ ಹಿಗ್ಗುವುದಿಲ್ಲ, ಮಿದುಳೇ ಅದುಮಿಕೊಳ್ಳಬೇಕು. ಕೆಲವೊಮ್ಮೆ ಹುಡುಗ ಎದ್ದು ನಡೆದು, ಮಾತಾಡಿ, ನೀರು ಕುಡಿದು, ಆಮೇಲೆ ಕುಸಿಯುತ್ತಾನೆ. ಆ ಹೊತ್ತಿನಲ್ಲಿ ಎಷ್ಟು ಬೇಗ ಬುರುಡೆ ತೆರೆದು ರಕ್ತ ತೆಗೆಯುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

1982ರ ನವೆಂಬರ್‌ನಲ್ಲಿ ಕೊರಿಯಾದ ಡುಕ್ ಕೂ ಕಿಮ್ ಲಾಸ್ ವೇಗಸ್‌ನಲ್ಲಿ 14ನೇ ರೌಂಡಿನಲ್ಲಿ ಬಿದ್ದು, ಕೆಲವು ದಿನಗಳಲ್ಲಿ ತೀರಿಕೊಂಡ. ಆಗ ಬೆಲ್ಟಿನ ಪಂದ್ಯ 15 ರೌಂಡ್. ಡಬ್ಲ್ಯುಬಿಸಿ ಬೇಗನೆ 12ಕ್ಕೆ ಇಳಿಸಿತು. ಉಳಿದ ಸಂಸ್ಥೆಗಳಿಗೆ ಅದೇ ಬುದ್ಧಿ ಬರಲು ಇನ್ನೂ ನಾಲ್ಕೈದು ವರ್ಷ ಬೇಕಾಯಿತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಮೈಕಲ್ ವಾಟ್ಸನ್. 1991ರ ಸೆಪ್ಟೆಂಬರ್ 21, ಲಂಡನ್, ಎದುರಾಳಿ ಕ್ರಿಸ್ ಯೂಬ್ಯಾಂಕ್. 11ನೇ ರೌಂಡಿನಲ್ಲಿ ವಾಟ್ಸನ್ ಯೂಬ್ಯಾಂಕ್‌ನನ್ನು ಕೆಡವಿದ. ಯೂಬ್ಯಾಂಕ್ ಎದ್ದವನೇ ಕೆಳಗಿಂದ ಒಂದು ಕೊಟ್ಟ. ವಾಟ್ಸನ್ ಹಿಂದಕ್ಕೆ ಬಿದ್ದು ಕುತ್ತಿಗೆ ಹಗ್ಗಕ್ಕೆ ಬಡಿಯಿತು. 12ರಲ್ಲಿ ರೆಫ್ರಿ ನಿಲ್ಲಿಸಿದ. ಅಲ್ಲಿಂದ ಗಡಿಯಾರ ನೋಡಿ. ರಿಂಗ್‌ಗೆ ಜನ ನುಗ್ಗಿದರು. ಡಾಕ್ಟರ್ ಅವನನ್ನು ನೋಡುವ ಹೊತ್ತಿಗೆ ಸುಮಾರು 7 ನಿಮಿಷ. ರಿಂಗ್ ಪಕ್ಕದಲ್ಲಿ ಉಸಿರಾಟ ಸರಿಮಾಡುವ ವ್ಯವಸ್ಥೆ ಇರಲಿಲ್ಲ. ಆಸ್ಪತ್ರೆ ಮುಟ್ಟಲು ಸುಮಾರು ಅರ್ಧ ಗಂಟೆ. ಮುಟ್ಟಿದ ಆಸ್ಪತ್ರೆಯಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಇಲ್ಲ! ಅಲ್ಲಿಂದ ಇನ್ನೊಂದು ಆಸ್ಪತ್ರೆಗೆ. ನಲವತ್ತು ದಿನ ಪ್ರಜ್ಞೆ ಇಲ್ಲ, ಆರು ಆಪರೇಷನ್.

ವಾಟ್ಸನ್ ಕೇಸು ಹಾಕಿದ್ದು ಯೂಬ್ಯಾಂಕ್ ಮೇಲಲ್ಲ, ಪ್ರಮೋಟರ್ ಮೇಲೂ ಅಲ್ಲ. ಲೈಸೆನ್ಸ್ ಕೊಡುವ ಬ್ರಿಟಿಷ್ ಬಾಕ್ಸಿಂಗ್ ಬೋರ್ಡ್ ಮೇಲೆ. ನಿಯಮ ಮಾಡುವವರು ನೀವು, ಸಾಕಾಗುವಷ್ಟು ನಿಯಮ ಮಾಡಲಿಲ್ಲ, ಅದಕ್ಕೆ ನೀವು ಹೊಣೆ ಅಂತ. 1999ರಲ್ಲಿ ಗೆದ್ದ, ಮರುವರ್ಷ ಅಪೀಲಿನಲ್ಲೂ ಗೆದ್ದ. ಬೋರ್ಡ್‌ಗೆ ವಿಮೆ ಇರಲಿಲ್ಲ. 4 ಲಕ್ಷ ಪೌಂಡಿಗೆ ರಾಜಿ ಆಯಿತು. ಬೋರ್ಡ್ ಲಂಡನ್ನಿನ ಕಚೇರಿ ಮಾರಬೇಕಾಯಿತು. ಇವತ್ತು ಬ್ರಿಟನ್ನಿನಲ್ಲಿ ಪಂದ್ಯ ನಡೆಯುವ ಕಡೆ ಅರಿವಳಿಕೆ ತಜ್ಞರು ಕೂತಿರುತ್ತಾರೆ, ಮಿದುಳಿನ ಆಪರೇಷನ್ ಮಾಡುವ ಆಸ್ಪತ್ರೆಗೆ ಮೊದಲೇ ಹೇಳಿಟ್ಟಿರುತ್ತಾರೆ. ಅದರ ಬೆಲೆ, ಸ್ವಾಧೀನ ಕಳೆದುಕೊಂಡ ವಾಟ್ಸನ್ನಿನ ಎಡ ಮೈ. ಅವನು 2003ರಲ್ಲಿ ಲಂಡನ್ ಮ್ಯಾರಥಾನ್ ನಡೆದು ಮುಗಿಸಿದ. ಆರು ದಿನ ಹಿಡಿಯಿತು.

ಡಾಕ್ಟರ್ ಇದ್ದರೆ ಸಾಕೇ? ಅದೂ ಸಾಲದು. 2013ರ ನವೆಂಬರ್, ಮತ್ತೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ರಷ್ಯಾದ ಮಗೊಮೆಡ್ ಅಬ್ದುಸಲಾಮೊವ್ ಹತ್ತು ರೌಂಡ್ ಆಡಿ ಸೋತ. ಮೂಗು ಮುರಿದಿತ್ತು, ಮುಖ ಒಂದು ಕಡೆ ಊದಿತ್ತು. ಡಾಕ್ಟರುಗಳು ನೋಡಿದರು. ಆಂಬುಲೆನ್ಸ್‌ನಲ್ಲಿ ಕಳಿಸಲಿಲ್ಲ. ಅವನೂ ಅವನ ಕಡೆಯವರೂ ರಸ್ತೆಗೆ ಬಂದು ಟ್ಯಾಕ್ಸಿಗೆ ಕೈ ತೋರಿಸಿ ನಿಂತರು. ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋದರು. ಅಷ್ಟು ಹೊತ್ತಿಗೆ ತಲೆಯೊಳಗೆ ರಕ್ತ ಹೆಪ್ಪುಗಟ್ಟುತ್ತಿತ್ತು. ಬದುಕಿದ, ಆದರೆ ನಡೆಯುವುದು ಹೋಯಿತು, ಮಾತೂ ಬಹುಪಾಲು ಹೋಯಿತು. 2017ರಲ್ಲಿ ನ್ಯೂಯಾರ್ಕ್ ಸರ್ಕಾರ ಆ ಕುಟುಂಬಕ್ಕೆ 2.2 ಕೋಟಿ ಡಾಲರ್ ಕೊಡಲು ಒಪ್ಪಿತು. ಅಷ್ಟರಲ್ಲಿ ಅಲ್ಲಿ ಹೊಸ ನಿಯಮವೂ ಬಂದಿತ್ತು, ಮಿದುಳಿನ ಪೆಟ್ಟಿಗೆಂದೇ ಬಾಕ್ಸರ್‌ಗೆ 10 ಲಕ್ಷ ಡಾಲರ್ ವಿಮೆ ಇರಬೇಕು ಅಂತ. ಸಣ್ಣ ಪ್ರಮೋಟರುಗಳು ನಮಗೆ ಕಟ್ಟಲು ಆಗುವುದಿಲ್ಲ ಅಂತ ಗೋಳಾಡಿದರು. ಒಂದು ರಾತ್ರಿಯ ವಿಮೆ ಕಟ್ಟಲಾಗದ ವ್ಯಾಪಾರ ಯಾಕೆ ಮಾಡಬೇಕು ಅಂತ ನನ್ನ ಪ್ರಶ್ನೆ. ನಿಷ್ಠುರ ಅನ್ನಿಸಿದರೆ ಅನ್ನಿಸಲಿ.

2025ರ ಆಗಸ್ಟ್ 2ರಂದು ಟೋಕಿಯೊದ ಕೊರಾಕುಯೆನ್ ಹಾಲ್‌ನಲ್ಲಿ ಒಂದೇ ದಿನ ಆಡಿದ ಇಬ್ಬರು, ಶಿಗೆತೊಶಿ ಕೊತಾರಿ ಮತ್ತು ಹಿರೊಮಾಸಾ ಉರಕಾವಾ, ಇದೇ ರೀತಿ ತಲೆಯೊಳಗೆ ರಕ್ತ ತುಂಬಿ ತೀರಿಕೊಂಡರು. ಜಪಾನ್ ಅಂದರೆ ಶಿಸ್ತಿಗೆ ಹೆಸರು. ಅಲ್ಲೇ ಹೀಗೆ. ಕೊತಾರಿ ಆಡಿದಂಥ ಬೆಲ್ಟಿನ ಪಂದ್ಯಗಳನ್ನು ಇನ್ನು ಮುಂದೆ 12 ರೌಂಡಿನಿಂದ 10ಕ್ಕೆ ಇಳಿಸುತ್ತೇವೆ ಅಂತ ಅಲ್ಲಿನ ಬಾಕ್ಸಿಂಗ್ ಅಧಿಕಾರಿಗಳು ತಕ್ಷಣ ಹೇಳಿದರು. ತೂಕ ಇಳಿಸುವ ವಿಷಯವೂ ಆಗ ಮತ್ತೆ ಎದ್ದಿತು. ಪಂದ್ಯದ ಹಿಂದಿನ ದಿನ ತೂಕ ನೋಡುತ್ತಾರೆ. ಅದಕ್ಕಾಗಿ ನೀರು ಬಿಟ್ಟು, ಕಂಬಳಿ ಹೊದ್ದು, ಬಿಸಿ ನೀರಿನ ತೊಟ್ಟಿಯಲ್ಲಿ ಕೂತು ನಾಲ್ಕೈದು ಕೆ.ಜಿ. ಇಳಿಸುತ್ತಾರೆ. ನಾನೂ ಮಾಡಿದ್ದೇನೆ. ಬಾಯಲ್ಲಿ ಎಂಜಲು ಹುಟ್ಟುವುದಿಲ್ಲ, ನಲ್ಲಿ ಸದ್ದು ಕೇಳಿದರೆ ಅಳು ಬರುತ್ತದೆ. ಆ ಒಣಗಿದ ಮೈಯಲ್ಲಿ ಮರುದಿನ ತಲೆಗೆ ಪೆಟ್ಟು ತಿನ್ನುವುದು ಒಳ್ಳೆಯದಲ್ಲ ಅನ್ನಲು ಡಾಕ್ಟರೇ ಬೇಕಾಗಿಲ್ಲ.

ಈಗ ನಮ್ಮೂರಿಗೆ ಬನ್ನಿ. ಲಂಡನ್ನಿನಲ್ಲಿ ಅರ್ಧ ಗಂಟೆ ತಡವಾಯಿತು ಅಂತ ಕೋರ್ಟ್ ಕತ್ತು ಹಿಡಿಯಿತು. ಗೋಣಿಕೊಪ್ಪದಿಂದ ಮೈಸೂರಿಗೆ ಸುಮಾರು 90 ಕಿ.ಮೀ. ತಿತಿಮತಿ ದಾಟಿ, ಕಾಡು ದಾಟಿ, ಹುಣಸೂರು ದಾಟಿ ಹೋಗಬೇಕು. ರಾತ್ರಿ ಆನೆ ಅಡ್ಡ ನಿಂತರೆ ಅದು ಹೋಗುವವರೆಗೆ ನಾವೂ ನಿಲ್ಲಬೇಕು. ಮಡಿಕೇರಿಯಿಂದ ಮೈಸೂರು 120 ಕಿ.ಮೀ., ಮಂಗಳೂರು ಕಡೆ ಹೋದರೆ ಸಂಪಾಜೆ ಘಾಟಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ತಲೆಗೆ ಜೋರು ಪೆಟ್ಟು ಬಿದ್ದರೆ ನಮ್ಮ ಜನ ಇವತ್ತಿಗೂ ಮೈಸೂರು, ಮಂಗಳೂರು ಅಂತಲೇ ಗಾಡಿ ಹತ್ತುವುದು. ಹುಡುಗರು ನನಗೆ ತೋರಿಸಿದ ಪಟ್ಟಿಯಲ್ಲಿ ಡಿಜೆ ಇದೆ, ಹೊಗೆ ಬಿಡುವ ಯಂತ್ರ ಇದೆ, ಬೆಲ್ಟ್ ಮಾಡುವವನ ನಂಬರ್ ಇದೆ. ದಿನಾಂಕ ಜುಲೈ. ಜುಲೈನಲ್ಲಿ, ಕೊಡಗಿನಲ್ಲಿ, ರಾತ್ರಿ ಎಂಟು ಗಂಟೆಗೆ!

ಇದು ಎಲ್ಲೋ ದೂರದ್ದಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ ಹುಡುಗನೊಬ್ಬ ಏಟು ತಿಂದು ಬಿದ್ದವನು ಆಸ್ಪತ್ರೆಯಲ್ಲಿ ತೀರಿಕೊಂಡ. ಅಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಮನೆಯವರು ದೂರು ಕೊಟ್ಟರು. ವೃತ್ತಿಪರ ಬಾಕ್ಸಿಂಗ್‌ಗೆಂದೇ ಅಮೆರಿಕದ ಹಾಗೆ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಖಾಸಗಿ ಸಂಸ್ಥೆಗಳು ಲೈಸೆನ್ಸ್ ಕೊಡುತ್ತವೆ. ಕೆಲವರು ಶ್ರದ್ಧೆಯಿಂದಲೇ ಮಾಡುತ್ತಾರೆ. ಆದರೆ ಒಬ್ಬರು ಬೇಡ ಅಂದರೆ ಇನ್ನೊಬ್ಬರ ಬಾಗಿಲು ತಟ್ಟಬಹುದು.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಹತ್ತು ವರ್ಷಕ್ಕೂ ಹಿಂದೆ, ನಮ್ಮ ಜಿಲ್ಲೆಯ ಆಚೆ ಒಂದು ಊರು. ಹೆಸರು ಬೇಡ. ಕಲ್ಯಾಣ ಮಂಟಪದಲ್ಲಿ ರಿಂಗ್. ಮರುದಿನ ಮದುವೆ ಇತ್ತು, ಹೂವಿನ ಅಲಂಕಾರ ಆಗಲೇ ಅರ್ಧ ಆಗಿತ್ತು. ಕಬ್ಬಿಣದ ಪೈಪು, ಪ್ಲೈವುಡ್, ಮೇಲೆ ಟಾರ್ಪಾಲು, ಅದೇ ರಿಂಗ್. ನಾನು ರೆಫ್ರಿ. ಹೋದ ತಕ್ಷಣ ಆಂಬುಲೆನ್ಸ್ ಎಲ್ಲಿ ಅಂತ ಕೇಳಿದೆ. ಹಿತ್ತಲಿನಲ್ಲಿ ಒಂದು ಓಮ್ನಿ ನಿಂತಿತ್ತು. ಒಳಗೆ ಆಕ್ಸಿಜನ್ ಸಿಲಿಂಡರ್ ಇದೆ, ಅದನ್ನು ತಿರುಗಿಸುವ ಕೀ ಇಲ್ಲ. ಡ್ರೈವರ್ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದ. ಡಾಕ್ಟರ್? ‘ಬರ್ತಾ ಇದ್ದಾರೆ ಸರ್, ಏನೂ ಆಗಲ್ಲ, ನೀವು ಶುರು ಮಾಡಿ’ ಅಂದರು ಪಂದ್ಯ ಇಟ್ಟವರು. ನನ್ನ ಜೇಬಿನಲ್ಲಿ ಅವರೇ ಕೊಟ್ಟ ಕವರ್ ಇತ್ತು, 3,000 ರೂಪಾಯಿ. ನಾನು ಶುರು ಮಾಡಿದೆ.

ನಾಲ್ಕನೇ ಪಂದ್ಯದಲ್ಲಿ ಒಬ್ಬ ಹುಡುಗ ಎರಡು ಸಲ ಬಿದ್ದ. ಎರಡನೇ ಸಲ ನಿಲ್ಲಿಸಿದೆ. ಮೊದಲನೇ ಸಲವೇ ನಿಲ್ಲಿಸಬೇಕಿತ್ತು, ಅವನ ಎಡಗಾಲು ಎಳೆಯುತ್ತಿದ್ದುದು ನನಗೆ ಕಂಡಿತ್ತು. ಜನ ಕೂಗುತ್ತಿದ್ದರು, ಪಂದ್ಯ ಇಟ್ಟವರು ಎದುರು ಸಾಲಿನಲ್ಲೇ ಕೂತಿದ್ದರು. ಪಂದ್ಯ ಆದ ಮೇಲೆ ಹುಡುಗನನ್ನು ನೋಡಲು ಹೋದೆ. ಮದುಮಗಳ ಕೋಣೆಯನ್ನೇ ಬಟ್ಟೆ ಬದಲಿಸಲು ಕೊಟ್ಟಿದ್ದರು. ದೊಡ್ಡ ಕನ್ನಡಿಯ ಎದುರು ಸ್ಟೂಲಿನ ಮೇಲೆ ಕೂತಿದ್ದ. ಕೈಗೆ ಸುತ್ತಿದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ. ನನ್ನನ್ನು ನೋಡಿ ‘ಸರ್, ನನ್ನ ಫೈಟ್ ಯಾವಾಗ?’ ಅಂದ. ಆಯ್ತಲ್ಲಪ್ಪ ಅಂದೆ. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಕೇಳಿದ. ಮೂರನೇ ಸಲ ಕೇಳಿದಾಗ ವಾಂತಿ ಮಾಡಿಕೊಂಡ. ಯಾರದೋ ಬೊಲೆರೊದಲ್ಲಿ ಮಲಗಿಸಿಕೊಂಡು ಹೋದೆವು. ನಲವತ್ತು ನಿಮಿಷದ ದಾರಿ, ಅಷ್ಟೂ ಹೊತ್ತು ಅವನ ತಲೆ ನನ್ನ ತೊಡೆಯ ಮೇಲೆ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲ ಅಂತ ಬಂತು. ಅದೃಷ್ಟ, ನನ್ನ ಸಾಮರ್ಥ್ಯ ಏನೂ ಇಲ್ಲ. ಆ ಕವರ್ ವಾಪಸ್ ಕೊಟ್ಟೆ ಅಂತ ಹೇಳಿದರೆ ಚೆನ್ನಾಗಿರುತ್ತಿತ್ತು. ಕೊಡಲಿಲ್ಲ. ಆಸ್ಪತ್ರೆಯ ಬಿಲ್ಲಿಗೆ ಹಾಕಿದೆ, ಅಷ್ಟೇ.

ಕಾರ್ನರ್‌ನಲ್ಲಿ ಕೂತ ಕೋಚ್ ನಿಲ್ಲಿಸಬಹುದಲ್ಲ ಅಂತ ನೀವು ಕೇಳಬಹುದು. ನಿಲ್ಲಿಸಬಹುದು. 2019ರ ಜುಲೈನಲ್ಲಿ ಮ್ಯಾಕ್ಸಿಮ್ ದದಾಶೆವ್ ಎಂಬವನ ಕೋಚ್ ಬಡ್ಡಿ ಮೆಕ್‌ಗರ್ಟ್ 11ನೇ ರೌಂಡ್ ಆದ ಮೇಲೆ ಬೇಡ ಸಾಕು ಅಂತ ಹುಡುಗನನ್ನು ಬೇಡಿಕೊಳ್ಳುವುದು ವಿಡಿಯೋದಲ್ಲಿದೆ. ಹುಡುಗ ಇಲ್ಲ ಇಲ್ಲ ಅಂತ ತಲೆ ಆಡಿಸುತ್ತಾನೆ. ಮೆಕ್‌ಗರ್ಟ್ ಅವನ ಮಾತು ಕೇಳದೆ ಪಂದ್ಯ ನಿಲ್ಲಿಸಿದ. ಅವನೂ ದೊಡ್ಡ ಬಾಕ್ಸರ್ ಆಗಿದ್ದವನು, ಕಣ್ಣು ಗುರುತಿಸಿತು. ಆದರೂ ಹುಡುಗ ಉಳಿಯಲಿಲ್ಲ. ಒಳ್ಳೆಯ ಕೋಚ್ ಸರಿಯಾಗಿಯೇ ನಡೆದುಕೊಂಡಾಗಲೂ ಹೀಗಾಗುತ್ತದೆ. ಬಾಕ್ಸರ್ ಬಾಯಲ್ಲಿ ‘ಸಾಕು’ ಬರುವುದಿಲ್ಲ, ಬರಬಾರದು ಅಂತಲೇ ನಾವು ಕಲಿಸಿರುತ್ತೇವೆ. ಅದಕ್ಕೇ ಅವನನ್ನು ಕೇಳಬಾರದು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಕೆಲವನ್ನು ಮಾತ್ರ ಬರೆಯುತ್ತೇನೆ.

ಮುಂದಿನ ಸಾಲಿನಲ್ಲಿದ್ದ ಒಬ್ಬರು ಅಕ್ಕ ಎದ್ದು, ‘ನನ್ನ ಮಗ ಬಾಕ್ಸಿಂಗ್ ಕಲಿಯಲು ಹೋಗುತ್ತಾನೆ. ಕಳಿಸುವುದೇ ಬೇಡವಾ ಅಣ್ಣಾ?’ ಅಂದರು. ಕಳಿಸಿ ಅಂದೆ. ಹಗ್ಗ ಜಿಗಿಯಲಿ, ಬ್ಯಾಗ್ ಹೊಡೆಯಲಿ, ಮೈ ಗಟ್ಟಿಯಾಗುತ್ತದೆ, ಸಂಜೆ ಹೊತ್ತು ಮೊಬೈಲ್ ಬಿಡುತ್ತಾನೆ. ಕೋಚ್ ಹತ್ತಿರ ಒಂದೇ ಪ್ರಶ್ನೆ ಕೇಳಿ, ವಾರಕ್ಕೆ ಎಷ್ಟು ಸಲ ತಲೆಗೆ ಹೊಡೆಯುವ ಸ್ಪಾರಿಂಗ್ (ಅಭ್ಯಾಸದ ಹೊಡೆದಾಟ) ಮಾಡಿಸುತ್ತೀರಿ ಅಂತ. ಪಂದ್ಯದಲ್ಲಿ ತಿನ್ನುವ ಪೆಟ್ಟಿಗಿಂತ ಜಾಸ್ತಿ ಪೆಟ್ಟು ಬೀಳುವುದು ಅಭ್ಯಾಸದಲ್ಲಿ. ಉತ್ತರ ಕೊಡಲು ತಡಬಡಾಯಿಸಿದರೆ ಬೇರೆ ಜಿಮ್ ನೋಡಿ. ಹೆಲ್ಮೆಟ್ ಹಾಕಿಸುತ್ತೇವೆ ಅಂದರೆ ಅಷ್ಟಕ್ಕೇ ಸಮಾಧಾನ ಆಗಬೇಡಿ. ಹುಬ್ಬು ಹರಿಯುವುದು ಕಡಿಮೆ ಆಗುತ್ತದೆ, ಒಳಗಿನ ಮೊಸರು ಅಲುಗುವುದು ಅಲುಗಿಯೇ ಅಲುಗುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಗಂಡಸರಿಗೆ ಅದನ್ನು ತೆಗೆದೇಬಿಟ್ಟಿದ್ದರು.

ಹಾಕಿ ಆಡಿದ ಒಬ್ಬರು ಹಿರಿಯರು, ‘ಚೆಂಡು ತಲೆಗೆ ಬಿದ್ದರೆ ಹಾಕಿಯಲ್ಲೂ ಸಾಯುತ್ತಾರೆ ಮಾರಾಯ’ ಅಂದರು. ನಿಜ. ಆದರೆ ಹಾಕಿಯಲ್ಲಿ ಚೆಂಡು ತಲೆಗೆ ತಾಗಿದರೆ ಫೌಲು, ಇಲ್ಲಿ ಕೈ ತಲೆಗೆ ತಾಗಿದರೆ ಪಾಯಿಂಟು. ಅವರು ನಕ್ಕು ಕೂತರು. ಹಾಗಾದರೆ ನಿಷೇಧ ಮಾಡಿಬಿಡಲಿ ಅಂತ ಹಿಂದಿನಿಂದ ಒಂದು ದನಿ ಬಂತು. ಮಾಡಿ ನೋಡಿದ್ದಾರೆ. ಸ್ವೀಡನ್ 1970ರಲ್ಲಿ ಮಾಡಿತು, ನಾರ್ವೆ 1981ರಲ್ಲಿ ಮಾಡಿ 2014ರಲ್ಲಿ ಬಿಟ್ಟಿತು. ನಮ್ಮಲ್ಲಿ ನಿಷೇಧ ಮಾಡಿದರೆ ಕಲ್ಯಾಣ ಮಂಟಪದಲ್ಲಿ ಆಗುವುದು ಯಾರದೋ ಕಾಫಿ ಗೋಡೌನಿನಲ್ಲಿ ಆಗುತ್ತದೆ. ಅಲ್ಲಿ ಕೀ ಇಲ್ಲದ ಸಿಲಿಂಡರ್ ಕೂಡ ಇರುವುದಿಲ್ಲ.

ಕೊನೆಗೆ ಪಂದ್ಯ ಮಾಡಲು ಹೊರಟ ಹುಡುಗರಲ್ಲಿ ಒಬ್ಬ ಎದ್ದ. ‘ಅಂಕಲ್, ಇಷ್ಟೆಲ್ಲ ಹೇಳಿದಿರಿ, ನೀವೇ ರೆಫ್ರಿಯಾಗಿ ಬರ್ತೀರಾ?’ ಬರುತ್ತೇನೆ ಅಂದೆ. ಡಾಕ್ಟರ್ ಫೀಸು, ನನ್ನ ಫೀಸು, ಆಂಬುಲೆನ್ಸ್ ಬಾಡಿಗೆ ಮೂರನ್ನೂ ಟಿಕೆಟ್ ಮಾರುವುದಕ್ಕೆ ಮೊದಲೇ ಊರಿನ ಬೇರೆ ಯಾರಾದರೂ ಇಬ್ಬರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡಿ. ಪಂದ್ಯ ಮೊದಲನೇ ರೌಂಡಿನಲ್ಲಿ ನಿಂತರೂ ಆ ದುಡ್ಡು ನಮಗೆ ಬರಬೇಕು, ನಿಮ್ಮ ಕೈಯಿಂದ ಬರಬಾರದು. ಆಂಬುಲೆನ್ಸ್ ಒಬ್ಬನನ್ನು ಕರೆದುಕೊಂಡು ಹೋದರೆ ಅದು ವಾಪಸ್ ಬರುವವರೆಗೆ ಮುಂದಿನ ಪಂದ್ಯ ಇಲ್ಲ. ಡಿಜೆ ಬೇಕಾದರೆ ಎಷ್ಟಾದರೂ ಬಾರಿಸಲಿ. ‘ವಾಪಸ್ ಬರೋವರೆಗೂನಾ? ಮೈಸೂರಿಗೆ ಹೋದ್ರೆ ಐದಾರು ಗಂಟೆ ಆಗುತ್ತಲ್ಲ ಅಂಕಲ್’ ಅಂದ. ಹೌದು, ಅದಕ್ಕೇ ಎರಡು ಆಂಬುಲೆನ್ಸ್ ಇಡು ಅಂದೆ.

ಇದಾಗಿ ಮೂರು ವಾರ ಆಯಿತು. ಮೊನ್ನೆ ಅದೇ ಹುಡುಗ ಫೋನ್ ಮಾಡಿದ್ದ. ದಿನಾಂಕ ಜುಲೈ ಬಿಟ್ಟು ಜನವರಿಗೆ ಹೋಗಿದೆ, ರಾತ್ರಿಯ ಬದಲು ಬೆಳಿಗ್ಗೆ ಹತ್ತಕ್ಕೆ. ಹೊಗೆ ಯಂತ್ರ ಬಿಟ್ಟಿದ್ದಾರಂತೆ. ಮೈಸೂರಿನ ಒಂದು ಆಸ್ಪತ್ರೆಗೆ ಫೋನ್ ಮಾಡಿ, ಇಂಥ ದಿನ ತಲೆಗೆ ಪೆಟ್ಟಾದವರು ಬಂದರೆ ತೆಗೆದುಕೊಳ್ಳುತ್ತೀರಾ ಅಂತ ಕೇಳಿದರಂತೆ. ಅವರು ಮೊದಲು ನಕ್ಕರಂತೆ, ಆಮೇಲೆ ಪತ್ರ ಬರೆದು ಕೊಡಿ ಅಂದರಂತೆ. ಪತ್ರದಲ್ಲಿ ಏನು ಬರೆಯಬೇಕು ಅಂತ ಕೇಳಲು ಭಾನುವಾರ ಮನೆಗೆ ಬರುತ್ತಾನೆ.